ಇಂಗ್ಲೆಂಡಿನ ಫೆನ್ ಸೀಮೆಯಲ್ಲಿ ಎರಡು ದಿನ ಆರಾಮವಾಗಿ ಸೈಕಲ್ ಸುತ್ತಬಹುದೇ?

ಖಂಡಿತ ಸುತ್ತಬಹುದು. ಕೇಂಬ್ರಿಜ್‌ಗೆ ಬಂದು ಕೆಲವೇ ತಿಂಗಳಾಗಿವೆ, ಕಾಲೇಜು ಮುಗಿದ ಮೇಲೆ ಸೈಕಲ್ ಮುಟ್ಟಿಲ್ಲ, ಶನಿವಾರ ಭಾನುವಾರ ಬಿಡುವಿದೆ, ಆದರೆ ಗುಡ್ಡ ಹತ್ತುವ ಶಕ್ತಿ ಇಲ್ಲ ಎಂದು ಬರೆದಿದ್ದೀರಿ. ಗುಡ್ಡದ ಚಿಂತೆ ಬಿಟ್ಟುಬಿಡಿ. ಕೇಂಬ್ರಿಜ್‌ನಿಂದ ಉತ್ತರಕ್ಕೆ ಸಮುದ್ರದವರೆಗೆ ಹರಡಿರುವ ಫೆನ್ ಸೀಮೆಯಲ್ಲಿ (ಫೆನ್ ಎಂದರೆ ಜೌಗು ನೆಲ) ಹತ್ತಬೇಕಾದದ್ದೆಂದರೆ ಸೇತುವೆಗಳು ಮತ್ತು ನದಿಯ ಏರಿಗಳು, ಅಷ್ಟೆ. "ಬರೀ ಬಯಲು ನೋಡಿ ನೋಡಿ ಬೇಸರವಾಗುವುದಿಲ್ಲವೇ" ಎಂಬ ನಿಮ್ಮ ಇನ್ನೊಂದು ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ ಬೇಕು. ಕಾರಿನಲ್ಲಿ ದಾಟಿ ಹೋದವರು ಇದನ್ನು ಬೇಸರದ ಜಾಗವೆಂದೇ ಹೇಳುತ್ತಾರೆ. ನಾನು ಈ ಸೀಮೆಯ ಅಂಚಿನಲ್ಲಿ ವಾಸವಾಗಿರುವವನು. ಇಂಗ್ಲೆಂಡಿನಲ್ಲಿ ನನಗೆ ಇದಕ್ಕಿಂತ ಪ್ರೀತಿಯ ಜಾಗ ಇನ್ನೊಂದಿಲ್ಲ.

ಮೊದಲು ಗಾಳಿಯ ಮಾತು. ಇಲ್ಲಿ ಗುಡ್ಡವಿಲ್ಲ, ಸಾಲುಮರ ಕಡಿಮೆ, ಹೊಲಗಳ ನಡುವೆ ಬೇಲಿ ಕೂಡ ಅಪರೂಪ. ಬದುವಿನ ಜಾಗದಲ್ಲಿ ನೀರಿನ ಕಾಲುವೆ ಇರುತ್ತದೆ. ಗಾಳಿಗೆ ಅಡ್ಡ ನಿಲ್ಲುವುದು ಸೈಕಲ್ ತುಳಿಯುವವನೊಬ್ಬನೇ. ಗುಡ್ಡಕ್ಕಾದರೆ ತುದಿ ಎಂಬುದಿರುತ್ತದೆ, ಆಚೆಗೆ ಇಳಿಜಾರು ಸಿಗುತ್ತದೆ, ಎದುರುಗಾಳಿಗೆ ಅದಿಲ್ಲ. ಇಲ್ಲಿ ಹೆಚ್ಚಾಗಿ ನೈಋತ್ಯದಿಂದ ಗಾಳಿ ಬೀಸುತ್ತದೆ. ಹಾಗಾಗಿ ಕೇಂಬ್ರಿಜ್‌ನಿಂದ ಈಲಿ, ಈಲಿಯಿಂದ ಕಿಂಗ್ಸ್ ಲಿನ್ ಎಂದು ಉತ್ತರಾಭಿಮುಖವಾಗಿ ತುಳಿದು, ಮರಳುವಾಗ ರೈಲು ಹತ್ತುವುದು ಜಾಣತನ. ಆ ವಾರ ಉತ್ತರದ ಗಾಳಿ ಎಂದು ಮುನ್ಸೂಚನೆ ಇದ್ದರೆ ಇದನ್ನೇ ತಿರುಗಿಸಿ: ಸೈಕಲ್ ಸಮೇತ ರೈಲಿನಲ್ಲಿ ಕಿಂಗ್ಸ್ ಲಿನ್‌ಗೆ ಹೋಗಿ ಅಲ್ಲಿಂದ ತುಳಿಯುತ್ತಾ ಬನ್ನಿ. ದಾರಿ ರೈಲುಮಾರ್ಗದಿಂದ ಬಹಳ ದೂರ ಸರಿಯುವುದಿಲ್ಲ. ಈಲಿ, ಲಿಟಲ್‌ಪೋರ್ಟ್, ಡೌನ್‌ಹ್ಯಾಮ್ ಮಾರ್ಕೆಟ್, ಮೂರು ಕಡೆಯೂ ನಿಲ್ದಾಣಗಳಿವೆ. ಕಾಲು ಸೋತರೆ ಅಲ್ಲಿಗೇ ನಿಲ್ಲಿಸಬಹುದು.

ಮೊದಲ ದಿನ ಕೇಂಬ್ರಿಜ್‌ನಿಂದ ಈಲಿಗೆ, ವಿಕನ್ ಫೆನ್ ಮೂಲಕ. ಸುಮಾರು 40 ಕಿಲೋಮೀಟರ್. ನೇರ ರಸ್ತೆ ಇದಕ್ಕಿಂತ ಎಷ್ಟೋ ಹತ್ತಿರ, ಆದರೆ ಅದರಲ್ಲಿ ಲಾರಿಗಳ ಕಾಟ. ರಾಷ್ಟ್ರೀಯ ಸೈಕಲ್ ಜಾಲದ ನೀಲಿ ಫಲಕಗಳಲ್ಲಿ ಮೊದಲು 51, ಆಮೇಲೆ 11 ಎಂಬ ಸಂಖ್ಯೆ ಹಿಡಿದು ಹೋಗಿ. ಬಾಟಿಶಮ್ ದಾಟಿದ ಮೇಲೆ ಲೋಡ್ಸ್ ವೇ ಎಂಬ ದಾರಿ ಸಿಗುತ್ತದೆ. ಈ ಪ್ರವಾಸದಲ್ಲಿ ನಿಧಾನವಾಗಿ ಸಾಗಲೇಬೇಕಾದ ತುಂಡು ಇದು.

ಅಲ್ಲಿ ರೀಚ್ ಲೋಡ್ ಎಂಬ ಕಾಲುವೆಯ ಸೇತುವೆಯ ಮೇಲೆ ಸೈಕಲ್ ನಿಲ್ಲಿಸಿ ಎರಡೂ ಕಡೆ ನೋಡಿ. ಕಾಲುವೆ ರೋಮನ್ನರ ಕಾಲದ್ದೆಂದು ನಂಬಿಕೆ. ಅದರ ನೀರು ಪಕ್ಕದ ಹೊಲಕ್ಕಿಂತ ಎತ್ತರದಲ್ಲಿದೆ! ಕೆರೆ ಏರಿಯ ಮೇಲೆ ನಿಂತು ಒಂದು ಕಡೆ ತುಂಬಿದ ನೀರನ್ನೂ ಇನ್ನೊಂದು ಕಡೆ ಕೆಳಗಿನ ಗದ್ದೆಯನ್ನೂ ಕಂಡಿರುವ ನಮ್ಮವರಿಗೆ ಈ ನೋಟ ಹೊಸದಲ್ಲ. ಆದರೆ ಇಲ್ಲಿ ಇಡೀ ಸೀಮೆಯೇ ಹಾಗಿದೆ. ನದಿಗಳು ಮೇಲೆ, ಊರು ಹೊಲಗಳು ಕೆಳಗೆ.

ಇದು ಹೇಗಾಯಿತೆಂದು ತಿಳಿದರೆ ಆಮೇಲೆ ಬಯಲು ಬೇಸರ ತರಿಸುವುದಿಲ್ಲ. ನಾಲ್ಕು ಶತಮಾನಗಳ ಹಿಂದೆ ಇದೆಲ್ಲ ಜೌಗು. ಜನ ದೋಣಿಯಲ್ಲಿ ಓಡಾಡುತ್ತಾ, ಹಾವುಮೀನು ಹಿಡಿಯುತ್ತಾ, ಜೊಂಡು ಕೊಯ್ಯುತ್ತಾ ಬದುಕಿದ್ದರು. 1630ರ ದಶಕದಲ್ಲಿ ಬೆಡ್‌ಫರ್ಡ್‌ನ ಅರ್ಲ್ ಎಂಬ ಬಿರುದಿನ ಶ್ರೀಮಂತ ಮತ್ತು ಅವನ ಜೊತೆ ಹಣ ಹೂಡಿದವರು ಕಾರ್ನೀಲಿಯಸ್ ವರ್ಮೈಡನ್ ಎಂಬ ಡಚ್ ಎಂಜಿನಿಯರನನ್ನು ಹಿಡಿದು ನೀರು ಬಸಿಯುವ ಕೆಲಸಕ್ಕೆ ಇಳಿದರು. ನೀರು ಬಸಿಯಿತು, ಭೂಮಿ ಸಿಕ್ಕಿತು. ಆದರೆ ಇಲ್ಲಿನ ಮಣ್ಣು ಪೀಟ್, ಅಂದರೆ ಸಾವಿರಾರು ವರ್ಷ ನೀರಿನಡಿ ಪೂರ್ತಿ ಕೊಳೆಯದೆ ಉಳಿದ ಹುಲ್ಲು, ಜೊಂಡು, ಪಾಚಿ. ನೀರಿಳಿದ ಕೂಡಲೇ ಅದು ಒಣಗಿ ಕುಗ್ಗಿತು, ಗಾಳಿ ತಗುಲಿ ಕರಗತೊಡಗಿತು. ನೆಲ ಕುಸಿಯುತ್ತಾ ಹೋದಂತೆ ನದಿಗಳು ಏರಿಗಳ ನಡುವೆ ಮೇಲೆಯೇ ಉಳಿದವು. ನೀರನ್ನು ಮೇಲೆತ್ತಲು ಮೊದಲು ಗಾಳಿಯಂತ್ರ, ಆಮೇಲೆ ಉಗಿಯಂತ್ರ, ಆಮೇಲೆ ಡೀಸೆಲ್, ಈಗ ವಿದ್ಯುತ್ ಪಂಪು. ಪಂಪು ನಿಂತರೆ ಈ ಹೊಲಗಳು ಮತ್ತೆ ನೀರಿನ ಪಾಲು. ಪೀಟರ್‌ಬರೋ ಹತ್ತಿರದ ಹೋಮ್ ಫೆನ್‌ನಲ್ಲಿ, ಪಕ್ಕದ ದೊಡ್ಡ ಸರೋವರವನ್ನು 1851ರಲ್ಲಿ ಬಸಿದಾಗ ಒಂದು ಕಬ್ಬಿಣದ ಕಂಬವನ್ನು ತುದಿ ನೆಲಮಟ್ಟಕ್ಕೆ ಬರುವಂತೆ ಹೂತರು. ಇಂದು ಆ ಕಂಬ ಸುಮಾರು 4 ಮೀಟರ್ ಹೊರಗೆ ನಿಂತಿದೆ. ಸಮುದ್ರಮಟ್ಟಕ್ಕಿಂತ 2.75 ಮೀಟರ್ ಕೆಳಗಿರುವ ಆ ಜಾಗ ಬ್ರಿಟನ್ನಿನಲ್ಲೇ ಅತಿ ತಗ್ಗು. ನಿಮ್ಮ ಈ ಸಲದ ದಾರಿಯಲ್ಲಿ ಅದು ಬರುವುದಿಲ್ಲ, ಇನ್ನೊಮ್ಮೆ ಹೋಗಿ.

ಮುಂದೆ ಬರ್‌ವೆಲ್ ಲೋಡ್ ಮೇಲೆ ಕಡಿದಾದ ಸೇತುವೆ. ಇಳಿದು ತಳ್ಳಿಕೊಂಡು ಹೋಗಿ. ಆಮೇಲೆ ವಿಕನ್ ಫೆನ್. ಇದರ ಮೊದಲ ತುಂಡನ್ನು, ನಿಸರ್ಗವನ್ನೂ ಹಳೆಯ ಕಟ್ಟಡಗಳನ್ನೂ ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ 1899ರಲ್ಲಿ ಕೊಂಡಿತು. ಆ ಸಂಸ್ಥೆಯ ಅತಿ ಹಳೆಯ ನಿಸರ್ಗಧಾಮ ಇದೇ. ಇಲ್ಲಿನ ಹಳೆಯ ಭಾಗವನ್ನು ಯಾರೂ ಬಸಿಯಲಿಲ್ಲ, ಹಾಗಾಗಿ ಅದು ಸುತ್ತಲ ಹೊಲಗಳಿಗಿಂತ ಎತ್ತರದಲ್ಲಿ ಉಳಿದಿದೆ. ಅಲ್ಲೊಂದು ಪುಟ್ಟ ಮರದ ಗಾಳಿಯಂತ್ರವಿದೆ. ಒಂದು ಕಾಲಕ್ಕೆ ಪಕ್ಕದ ಜೌಗಿನಿಂದ ನೀರು ಹೊರಹಾಕಲು ಕಟ್ಟಿದ್ದು. ಇಲ್ಲಿಗೆ ತಂದ ಮೇಲೆ ಜೌಗು ಒಣಗದಿರಲೆಂದು ನೀರನ್ನು ಒಳಕ್ಕೆ ಎತ್ತುವ ಕೆಲಸ ಅದಕ್ಕೆ ಬಂತು. ಮಾರ್ಷ್ ಹ್ಯಾರಿಯರ್ ಎಂಬ ಜೌಗಿನ ಗಿಡುಗ ಜೊಂಡಿನ ಮೇಲೆ ತೀರಾ ತಗ್ಗಿನಲ್ಲಿ, ರೆಕ್ಕೆಗಳನ್ನು ಮೇಲೆತ್ತಿ ತೇಲುವುದನ್ನು ಇಲ್ಲಿ ನೋಡಬಹುದು. ಇದೇ ಜಾತಿಯ ಹಕ್ಕಿಗಳು ಚಳಿಗಾಲದಲ್ಲಿ ನಮ್ಮ ಕರ್ನಾಟಕದ ಕೆರೆಗಳಿಗೂ ಬರುತ್ತವೆ. ಇಲ್ಲಿ ಎರಡು ಗಂಟೆಯಾದರೂ ಕಳೆಯಿರಿ.

ವಿಕನ್ ಬಿಟ್ಟು ಮುಂದೆ ಸಾಗುತ್ತಿದ್ದಂತೆ ಈಲಿಯ ಕ್ಯಾಥೆಡ್ರಲ್ ಕಾಣಿಸಿಕೊಳ್ಳುತ್ತದೆ. ಎಷ್ಟು ತುಳಿದರೂ ಅದು ಹತ್ತಿರ ಬಂದಂತೆ ಅನ್ನಿಸುವುದಿಲ್ಲ. ಸಮುದ್ರಮಟ್ಟದಿಂದ ಬರೀ 25 ಮೀಟರಿನಷ್ಟು ಎತ್ತರದ ದಿಬ್ಬದ ಮೇಲೆ ಕೂತಿದ್ದರೂ ಸುತ್ತಣ ಸೀಮೆಯನ್ನೆಲ್ಲ ಅದೇ ಆಳುತ್ತದೆ. 1322ರಲ್ಲಿ ಅದರ ನಡುಗೋಪುರ ಕುಸಿದುಬಿತ್ತು. ಆ ಜಾಗದಲ್ಲಿ ಎದ್ದ ಎಂಟು ಮೂಲೆಯ ಗೋಪುರವನ್ನು ಒಳಗಿನಿಂದ ಕತ್ತೆತ್ತಿ ನೋಡಿ. ಭಾರಿ ಓಕ್ ತೊಲೆಗಳ ಮೇಲೆ ನಿಂತ ಆ ಕೆಲಸಕ್ಕೆ ನಾನು ಪ್ರತಿ ಸಲವೂ ಮನಸೋಲುತ್ತೇನೆ. ರಾತ್ರಿ ಈಲಿಯಲ್ಲೇ ತಂಗಿ. ಸೈಕಲ್ಲಿಗೆ ಒಳಗೆ ಜಾಗ ಕೊಡುತ್ತಾರೆಯೇ ಎಂದು ಕೋಣೆ ಕಾಯ್ದಿರಿಸುವಾಗಲೇ ಕೇಳಿ.

ಎರಡನೆಯ ದಿನ ಕಿಂಗ್ಸ್ ಲಿನ್‌ವರೆಗೆ ಸುಮಾರು 50 ಕಿಲೋಮೀಟರ್, 11ನೇ ಸಂಖ್ಯೆಯ ದಾರಿಯಲ್ಲೇ. ಲಿಟಲ್‌ಪೋರ್ಟ್ ದಾಟಿದ ಮೇಲೆ ಅಂಗಡಿಗಳು ಅಪರೂಪ, ಭಾನುವಾರವಂತೂ ಕೇಳಲೇಬೇಡಿ. ನೀರು, ಚಪಾತಿ ಪಲ್ಯ, ಬಾಳೆಹಣ್ಣು ಕಟ್ಟಿಕೊಂಡು ಹೊರಡಿ. ಇಲ್ಲಿ ನೋಡಬೇಕಾದದ್ದು ಮಣ್ಣು. ಹೂಡಿದ ಹೊಲ ಕಾಡಿಗೆಯಷ್ಟು ಕಪ್ಪು. ಮುಷ್ಟಿಯಲ್ಲಿ ಹಿಡಿದರೆ ಹಗುರ, ಬೆರಳ ಸಂದಿಯಿಂದ ಪುಡಿಯಾಗಿ ಉದುರುತ್ತದೆ. ಸೆಲರಿ, ಈರುಳ್ಳಿ, ಆಲೂಗಡ್ಡೆ, ಸಕ್ಕರೆ ಬೀಟ್ ಬೆಳೆಯುತ್ತಾರೆ. ಸೆಲರಿ ಕೊಯ್ಯುವ ಹೊತ್ತಿನಲ್ಲಿ ಅದರ ವಾಸನೆ ರಸ್ತೆಯವರೆಗೂ ಬರುತ್ತದೆ. ಹೊಲದಂಚಿನಲ್ಲಿ ಕರ್ರಗಿನ ದೊಡ್ಡ ಮರದ ತುಂಡುಗಳು ಬಿದ್ದಿದ್ದರೆ ನಿಂತು ನೋಡಿ. ಪೀಟ್ ಅಡಿಯಲ್ಲಿ ಹೂತುಹೋಗಿ ನೇಗಿಲಿಗೆ ಸಿಕ್ಕ ಪುರಾತನ ಓಕ್ ಮರಗಳವು. ಸುಮಾರು 5000 ವರ್ಷ ಹಳೆಯದಾದ ಅಂಥದ್ದೊಂದು ಮರದಿಂದ ಮಾಡಿದ 13 ಮೀಟರ್ ಉದ್ದದ ಮೇಜನ್ನು 2022ರಲ್ಲಿ ಈಲಿ ಕ್ಯಾಥೆಡ್ರಲ್‌ನಲ್ಲಿ ಪ್ರದರ್ಶನಕ್ಕಿಟ್ಟರು.

ಡೆನ್ವರ್ ತೂಬಿನ ಬಳಿ ಊಟಕ್ಕೆ ನಿಲ್ಲಿ. ಸಮುದ್ರದ ಉಬ್ಬರವನ್ನು ತಡೆದು, ಇಳಿತದಲ್ಲಿ ನದಿಯ ನೀರನ್ನು ಹೊರಬಿಡುವ ಬಾಗಿಲು ಇದು. 1651ರಲ್ಲಿ ಕಟ್ಟಿದ್ದು 1713ರಲ್ಲಿ ಕೊಚ್ಚಿಹೋಯಿತು. ಮತ್ತೆ ಕಟ್ಟಿದರು, ಆಮೇಲೆ 1834ರಲ್ಲಿ ಮತ್ತೊಮ್ಮೆ. ಈ ಸೀಮೆಯ ಜನರ ಪಾಡೆಲ್ಲ ಇಲ್ಲಿ ಕಣ್ಣಿಗೆ ಕಾಣುತ್ತದೆ: ಒಂದು ಕಡೆಯಿಂದ ಸಮುದ್ರ, ಇನ್ನೊಂದು ಕಡೆಯಿಂದ ಮಳೆನೀರು, ನಡುವೆ ಕುಸಿಯುತ್ತಿರುವ ನೆಲ.

ಸೈಕಲ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ರಸ್ತೆಗೂ ಮಣ್ಣುದಾರಿಗೂ ಹೊಂದುವ ಸಾಧಾರಣ ಹೈಬ್ರಿಡ್ ಸೈಕಲ್ ಸಾಕು, ಟೈರ್ ಸ್ವಲ್ಪ ದಪ್ಪಗಿರಲಿ. ಕೇಂಬ್ರಿಜ್‌ನಲ್ಲಿ ಬಾಡಿಗೆಗೆ ಸಿಗುತ್ತದೆ. ಬಿಡಿ ಟ್ಯೂಬ್, ಪಂಪು, ಕಣ್ಣಿಗೆ ಕನ್ನಡಕ, ಬೇಸಿಗೆಯಲ್ಲೂ ಗಾಳಿ ತಡೆಯುವ ತೆಳು ಜಾಕೆಟ್ ಬೇಕು. ನೆಲ ಕುಗ್ಗಿ ರಸ್ತೆಗಳು ಅಲೆಅಲೆಯಾಗಿವೆ, ಪಕ್ಕದಲ್ಲೇ ಆಳವಾದ ಕಾಲುವೆ, ಬಹಳ ಕಡೆ ತಡೆಗೋಡೆ ಇಲ್ಲ. ಆಚೀಚೆ ನೋಡಬೇಕೆನ್ನಿಸಿದಾಗ ಸೈಕಲ್ ನಿಲ್ಲಿಸಿಯೇ ನೋಡಿ. ಮಳೆ ಬಂದ ಮರುದಿನ ಮಣ್ಣುದಾರಿಗಳಿಗೆ ಇಳಿಯಬೇಡಿ, ಕಪ್ಪು ಕೆಸರು ಚಕ್ರಕ್ಕೂ ಮಡ್‌ಗಾರ್ಡಿಗೂ ಮೆತ್ತಿಕೊಂಡು ಸೈಕಲ್ ಉರುಳುವುದೇ ಇಲ್ಲ.

ಮೇ, ಜೂನ್ ಅತ್ಯುತ್ತಮ. ಬೆಳಕು ರಾತ್ರಿ ಒಂಬತ್ತರವರೆಗೂ ಇರುತ್ತದೆ. ಚಳಿಗಾಲದಲ್ಲಿ ಇಷ್ಟು ದೂರ ತುಳಿಯುವುದು ಬೇಡ, ಬದಲಿಗೆ ವೆಲ್ನಿ ಎಂಬ ಊರಿನ ಪಕ್ಷಿಧಾಮಕ್ಕೆ ಹೋಗಿ ಐಸ್‌ಲ್ಯಾಂಡಿನಿಂದಲೂ ರಷ್ಯಾದ ಉತ್ತರದಿಂದಲೂ ಬರುವ ಹಂಸಗಳನ್ನು ನೋಡಿ. ಅಲ್ಲಿನ ರಸ್ತೆ ಆಗ ಪ್ರವಾಹದ ನೀರಿನಲ್ಲಿ ಮುಳುಗುವುದುಂಟು, ವಿಚಾರಿಸಿ ಹೊರಡಿ.

ಕಿಂಗ್ಸ್ ಲಿನ್‌ನಿಂದ ಕೇಂಬ್ರಿಜ್‌ಗೆ ರೈಲಿನಲ್ಲಿ ಒಂದು ಗಂಟೆಯೊಳಗೆ ಬರಬಹುದು. ಮಡಚಲಾಗದ ಸೈಕಲ್ಲುಗಳಿಗೆ ನಿರ್ಬಂಧವಿರುವುದು ವಾರದ ದಿನಗಳ ದಟ್ಟಣೆಯ ಹೊತ್ತಿನಲ್ಲಿ, ನಿಮಗೆ ಅದರ ತೊಡಕಿಲ್ಲ. ಆದರೆ ಭಾನುವಾರಗಳಲ್ಲಿ ಹಳಿ ದುರಸ್ತಿಯ ಕಾರಣ ರೈಲಿನ ಬದಲು ಬಸ್ ಬಿಡುವುದುಂಟು, ಆ ಬಸ್ಸುಗಳಿಗೆ ಸಾಮಾನ್ಯವಾಗಿ ಸೈಕಲ್ ಹತ್ತಿಸುವುದಿಲ್ಲ. ಶುಕ್ರವಾರ ರಾತ್ರಿಯೇ ಅದನ್ನೊಮ್ಮೆ ನೋಡಿಕೊಳ್ಳಿ. ಹಾಗೇನಾದರೂ ಇದ್ದರೆ ಮೊದಲ ದಿನದ ಈಲಿಯ ಪ್ರಯಾಣ ಮಾತ್ರ ಮಾಡಿ, ಶನಿವಾರ ಸಂಜೆಯೇ ರೈಲಿನಲ್ಲಿ ಮರಳಿಬಿಡಿ.