ಬೆಳಿಗ್ಗೆ ಏನು ತಿಂದಿದ್ದ ಅಂತ ನಾನೂ ಕೇಳಿರಲಿಲ್ಲ

ಶಾಲೆ ಶುರುವಾಗಿ ಎರಡು ಮೂರು ತಿಂಗಳಾದರೆ ಸಾಕು, ನನ್ನ ಕೋಣೆಗೆ ಒಂದೇ ಥರದ ಚೀಟಿಗಳು ಬರತೊಡಗುತ್ತವೆ. ‘ಕಲಿಕೆಯಲ್ಲಿ ಹಿಂದೆ. ಗಮನ ಇಲ್ಲ. ಐಕ್ಯೂ ನೋಡಿಸಿ.’ ದಾವಣಗೆರೆಯಲ್ಲಿ ಮಕ್ಕಳ ಆಪ್ತಸಲಹೆ ಮಾಡುತ್ತಾ ಹನ್ನೊಂದು ವರ್ಷವಾಯಿತು. ಇಂಥ ಚೀಟಿ ಎಷ್ಟು ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. ಒಂದನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ. ಅದರಲ್ಲಿ ತಪ್ಪು ಮಾಡಿದವಳು ನಾನು.

ಹುಡುಗನನ್ನು ಪುಟ್ಟ ಅನ್ನೋಣ. ಏಳು ವರ್ಷ, ಎರಡನೇ ಕ್ಲಾಸು. ಅಮ್ಮನಿಗೆ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ, ನಸುಕಿಗೇ ಮನೆ ಬಿಡಬೇಕು. ಅಪ್ಪ ಲಾರಿ ಡ್ರೈವರ್. ಮನೆಯಲ್ಲಿ ಅಜ್ಜಿ. ಒಂದನೇ ಕ್ಲಾಸು ಸರ್ಕಾರಿ ಶಾಲೆಯಲ್ಲಿ ಮುಗಿಸಿ, ಆ ಜೂನಿಗೆ ಒಂದು ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಗೆ ಸೇರಿದ್ದ. ಗುರುತು ಸಿಗುವ ಉಳಿದ ವಿವರ ಬದಲಿಸಿದ್ದೇನೆ.

ಮೊದಲ ದಿನ ಹನ್ನೊಂದೂವರೆಗೆ ಪರೀಕ್ಷೆಗೆ ಕೂರಿಸಿದೆ. ನಾನು ಹೇಳಿದ ಅಂಕಿಗಳನ್ನು ವಾಪಸ್ ಹೇಳುವಾಗ ಮೂರಕ್ಕೇ ನಿಂತುಬಿಡುತ್ತಿದ್ದ. ಬ್ಲಾಕು ಕೊಟ್ಟರೆ ಎರಡು ಜೋಡಿಸಿ ಟೇಬಲ್ಲಿನ ಮೇಲೆ ಗಲ್ಲ ಊರುತ್ತಿದ್ದ. ನಡುನಡುವೆ ಆಕಳಿಕೆ. ಅಂಕ ಕೂಡಿಸಿದರೆ ಕಡಿಮೆಯೇ ಬಂತು. ಚೀಟಿ ಹೇಳಿದ್ದಕ್ಕೂ ಸರಿಹೋಯಿತು ಅಂದುಕೊಂಡು ಅರ್ಧ ವರದಿ ಬರೆದಿಟ್ಟೆ.

ವರದಿ ಒಯ್ಯಲು ಅಮ್ಮ, ಅಜ್ಜಿ ಇಬ್ಬರೂ ಬಂದರು. ಫಾರಂನಲ್ಲಿ ನಿದ್ದೆ, ಊಟದ ಕಾಲಂ ಖಾಲಿ ಇತ್ತು. ತುಂಬಿಸಿಬಿಡೋಣ ಅಂತ ಸುಮ್ನೆ ಕೇಳಿದೆ. ಬೆಳಿಗ್ಗೆ ಏನು ತಿಂತಾನೆ?

“ಚಾ ಕುಡೀತಾನವ್ವ, ಒಂದು ಬನ್ನು,” ಅಂದಿತು ಅಜ್ಜಿ.

“ಮೊನ್ನೆ ಇಲ್ಲಿಗೆ ಬಂದಾಗ?”

“ಮೊನ್ನೆ ಏನೂ ಕೊಟ್ಟಿಲ್ಲ. ಆಸ್ಪತ್ರೆಗೆ ಹೋಗೋದಲ್ವಾ, ರಕ್ತ ತೆಗೀತಾರೇನೋ ಅಂತ ಖಾಲಿ ಹೊಟ್ಟೇಲೇ ಕರ್ಕೊಂಡು ಬಂದ್ವಿ.”

ನನಗೆ ಮಾತೇ ಹೊರಡಲಿಲ್ಲ. ಹಿಂದಿನ ರಾತ್ರಿ ಉಂಡ ಮಗುವನ್ನು ಮಧ್ಯಾಹ್ನದ ಹೊತ್ತಿಗೆ ಅಂಕಿ ಹೇಳು ಅಂತ ಕೂರಿಸಿದ್ದೆ. ಐದಾರು ವರ್ಷದ ಮಗು ಸುಮ್ಮನೆ ಮಲಗಿದ್ದರೂ ಅದರ ಮೈ ಖರ್ಚು ಮಾಡುವ ಶಕ್ತಿಯಲ್ಲಿ ಅರ್ಧದಷ್ಟಾದರೂ ಮಿದುಳಿಗೇ ಹೋಗುತ್ತದೆ. ದೊಡ್ಡವರಲ್ಲಿ ಅದು ಐದನೇ ಒಂದು ಪಾಲು. ನಮ್ಮ ಏಕಾದಶಿ ಉಪವಾಸವೂ ಮಕ್ಕಳ ಖಾಲಿ ಹೊಟ್ಟೆಯೂ ಒಂದೇ ಅಲ್ಲ. ಇದನ್ನು ನಾನು ಟೀಚರುಗಳಿಗೆ ಪಾಠ ಮಾಡಿದವಳು! ಅವರ ಮುಂದೆಯೇ ವರದಿ ಹರಿದು, ತಪ್ಪಾಯ್ತು ಅಂದೆ.

ಆಮೇಲೆ ದಿನಚರಿ ಪೂರ್ತಿ ಕೇಳಿದೆ. ಹೊಸ ಶಾಲೆಯಲ್ಲಿ ಬಿಸಿಯೂಟ ಇಲ್ಲ, ಡಬ್ಬಿ ತರಬೇಕು. ಅಜ್ಜಿ ಒಗ್ಗರಣೆ ಮಂಡಕ್ಕಿ ಹಾಕಿ ಕಳಿಸಿತ್ತು. ಪಕ್ಕದವರು ನಕ್ಕರು. ಅಂದಿನಿಂದ ಡಬ್ಬಿ ಬೇಡ ಅಂತ ಹಟ, ಹತ್ತು ರೂಪಾಯಿಯ ಕುರುಕಲು ಪ್ಯಾಕೆಟ್ಟೇ ಊಟ. ಹಳೆಯ ಶಾಲೆಯಲ್ಲಿ ಬೆಳಿಗ್ಗೆ 150 ಮಿಲಿ ಬಿಸಿ ಹಾಲು ಸಿಗುತ್ತಿತ್ತು. 2013ರಲ್ಲಿ ಶುರುವಾದ ಕ್ಷೀರಭಾಗ್ಯ ಅದು. ಮಧ್ಯಾಹ್ನ ಅನ್ನ, ಬೇಳೆ ಸಾರು, ತರಕಾರಿ. ಒಂದರಿಂದ ಐದನೇ ಕ್ಲಾಸಿನ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಅಂತ ನಿಯಮ. ಮೇಲೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ. ಫೀಸು ಕಟ್ಟುವ ದಿನ ಇದೆಲ್ಲ ಕೈಬಿಟ್ಟು ಹೋಗುತ್ತದೆ ಅಂತ ಆ ಮನೆಯಲ್ಲಿ ಯಾರೂ ಲೆಕ್ಕ ಹಾಕಿರಲಿಲ್ಲ.

ನಾನು ಆ ಹುರುಪಿನಲ್ಲೇ ಹೇಳಿಬಿಟ್ಟೆ. “ನೋಡಮ್ಮ, ವಾಪಸ್ ಸರ್ಕಾರಿ ಶಾಲೆಗೆ ಹಾಕಿ.”

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಮೇಡಂ, ಊಟಕ್ಕೆ ಗತಿ ಇಲ್ದೆ ಅಲ್ಲಿಗೆ ಕಳಿಸ್ತಾರೆ ಅಂತ ಓಣೀಲಿ ಆಡ್ಕಂತಾರೆ. ಅದಕ್ಕೇ ಬಿಡ್ಸಿದ್ದು.” ಆಮೇಲೆ ತಲೆ ಎತ್ತಿ ಕೇಳಿದರು. “ನಿಮ್ಮ ಮಗಳು ಯಾವ ಸ್ಕೂಲ್ ಮೇಡಂ?”

ನನ್ನ ಮಗಳು ಓದಿದ್ದು ಇಂಗ್ಲಿಷ್ ಮೀಡಿಯಂ. ಹಾಗೇ ಹೇಳಿದೆ. ಬೇರೆ ಏನು ಹೇಳಲಿ? ನನ್ನ ಮಗಳಿಗೆ ಬಿಸಿಯೂಟ ಬೇಕಾಗಿರಲಿಲ್ಲ, ಮನೆಯಲ್ಲೇ ತಟ್ಟೆ ಕಾಯುತ್ತಿತ್ತು. ಪುಟ್ಟನ ಅಮ್ಮನಿಗೆ ಊಟ, ಇಂಗ್ಲಿಷು ಎರಡರಲ್ಲಿ ಒಂದು ಆರಿಸಿಕೋ ಅನ್ನುತ್ತಿದ್ದೆ ನಾನು. ಒಂದು ಶಾಲೆಯ ಹೆಸರು ಹೇಳಿ ಎದ್ದು ಹೋಗುವಷ್ಟು ಸುಲಭದ ಸಲಹೆ ಅದಲ್ಲ ಅಂತ ಅರ್ಥವಾಗಿದ್ದು ಆಗ.

ಹಾಗಾಗಿ ಸಲಹೆ ಬದಲಾಯಿತು. ಶಾಲೆಯ ವಿಷಯ ಏಪ್ರಿಲ್‌ವರೆಗೆ ಎತ್ತುವುದು ಬೇಡ. ಮೊದಲು ಹಿಮೋಗ್ಲೋಬಿನ್ ನೋಡಿಸಿ. ಬೆಳಿಗ್ಗೆ ಚಾ ಬಂದ್, ಅದು ಊಟದಲ್ಲಿನ ಕಬ್ಬಿಣಾಂಶವನ್ನು ಸರಿಯಾಗಿ ಮೈಗೆ ಹತ್ತಲು ಬಿಡುವುದಿಲ್ಲ. ಅದರ ಬದಲು ರೊಟ್ಟಿ, ಶೇಂಗಾ ಚಟ್ನಿ, ಇಲ್ಲವೇ ರಾಗಿ ಗಂಜಿ. ಪ್ಯಾಕೆಟ್ಟಿನ ಹತ್ತು ರೂಪಾಯಿಗೆ ಒಂದು ಮೊಟ್ಟೆ. ಡಬ್ಬಿಗೆ ಚಿತ್ರಾನ್ನ ಹಾಕಿದರೆ ಶೇಂಗಾ ಕೈಬಿಚ್ಚಿ ಹಾಕಿ. ಮೂರು ತಿಂಗಳು ಮನೆಯಲ್ಲಿ ಯಾರೂ ‘ದಡ್ಡ’ ಅನ್ನಬಾರದು. ಶಾಲೆಗೂ ಒಂದು ಪತ್ರ ಬರೆದೆ. ‘ಐಕ್ಯೂ ವರದಿ ಈಗ ಕೊಡುವುದಿಲ್ಲ, ಕಾರಣ ವೈದ್ಯಕೀಯ.’

ಸಹೋದ್ಯೋಗಿಯೊಬ್ಬರಿಗೆ ಇದು ಹಿಡಿಸಲಿಲ್ಲ. “ನೀನು ಕೌನ್ಸೆಲರ್ರೋ, ಅಡುಗೆ ಭಟ್ಟಳೋ? ಒಂದು ರೊಟ್ಟಿಗೆ ಬುದ್ಧಿ ಬೆಳೆಯುತ್ತಾ?” ಅಂದರು. ಬೆಳೆಯಲ್ಲ. ಒಂದು ಹೊತ್ತಿನ ತಿಂಡಿಯಿಂದ ಆ ಹೊತ್ತಿನ ಗಮನಕ್ಕಷ್ಟೇ ಸಹಾಯ. ರಕ್ತಹೀನತೆಯ ಕಥೆ ಬೇರೆ, ಅದು ತಿಂಗಳುಗಟ್ಟಲೆ ಮಗುವಿನ ಚುರುಕು ತಿನ್ನುತ್ತದೆ. ವರ್ಷಗಟ್ಟಲೆ ಉಂಡ ಊಟದ್ದು ಇನ್ನೊಂದು ಲೆಕ್ಕ. ತನಿಕಾ ಚಕ್ರವರ್ತಿ, ರಾಜಶ್ರೀ ಜಯರಾಮನ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ದೇಶದ ಬಿಸಿಯೂಟದ ಮೇಲೆ ಮಾಡಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಒಂದು ವರ್ಷಕ್ಕೂ ಕಡಿಮೆ ಬಿಸಿಯೂಟ ಸಿಕ್ಕ ಮಕ್ಕಳಿಗಿಂತ ಐದು ವರ್ಷದವರೆಗೆ ಸಿಕ್ಕವರ ಅಂಕ ಓದಿನಲ್ಲಿ ಶೇಕಡಾ 18, ಗಣಿತದಲ್ಲಿ ಶೇಕಡಾ 9 ಜಾಸ್ತಿ ಇತ್ತು. ಈ ಮೂರನ್ನೂ ಕಲಸಿ ‘ಅನ್ನ ಹಾಕಿ, ಬುದ್ಧಿ ಬರುತ್ತೆ’ ಅಂದರೆ ಸುಳ್ಳಾಗುತ್ತದೆ. ಆದರೆ ಅನ್ನದ ವಿಷಯ ಕೇಳದೆಯೇ ಬುದ್ಧಿ ಅಳೆಯುವುದು ಅದಕ್ಕಿಂತ ದೊಡ್ಡ ಸುಳ್ಳು. ಏಳು ವರ್ಷಕ್ಕೆ ಅಂಟಿದ ಹಣೆಪಟ್ಟಿ ಹತ್ತನೇ ಕ್ಲಾಸಿಗೂ ಬರುತ್ತದೆ, ಕಣ್ಣಾರೆ ನೋಡಿದ್ದೇನೆ.

ಪುಟ್ಟನ ಹಿಮೋಗ್ಲೋಬಿನ್ 9.1 ಇತ್ತು. ಈ ವಯಸ್ಸಿಗೆ 11.5 ಆದರೂ ಇರಬೇಕು. ಡಾಕ್ಟರು ಜಂತುಹುಳದ ಮಾತ್ರೆ, ಕಬ್ಬಿಣಾಂಶದ ಸಿರಪ್ಪು ಕೊಟ್ಟರು. ಮೂರು ತಿಂಗಳಿಗೆ 11 ದಾಟಿತು.

ಆಮೇಲೆ ಮತ್ತೆ ಪರೀಕ್ಷೆ, ಈ ಸಲ ಬೆಳಿಗ್ಗೆ ಹತ್ತಕ್ಕೆ. ಮೊದಲಿನದನ್ನೇ ಕೊಟ್ಟರೆ ನೆನಪಿನಿಂದಲೂ ಅಂಕ ಏರಬಹುದು, ಅದಕ್ಕೆ ಬೇರೆ ಪರೀಕ್ಷೆ ಬಳಸಿದೆ. ವಯಸ್ಸಿಗೆ ತಕ್ಕಷ್ಟು ಬಂತು, ಜಾಸ್ತಿಯೂ ಇಲ್ಲ, ಕಮ್ಮಿಯೂ ಇಲ್ಲ. ಇಂಗ್ಲಿಷ್ ಓದು ಮಾತ್ರ ಇನ್ನೂ ಹಿಂದೆಯೇ ಇದೆ. ಮನೆಯಲ್ಲಿ ಒಬ್ಬರಿಗೂ ಬಾರದ ಭಾಷೆ, ಅದಕ್ಕೆ ಸಿರಪ್ಪು ಇಲ್ಲ. ಶಾಲೆ ಬದಲಿಸುವ ಬಗ್ಗೆ ಅಮ್ಮ ಇನ್ನೂ ತೀರ್ಮಾನ ಮಾಡಿಲ್ಲ, ನಾನೂ ಕೇಳಿಲ್ಲ.

ಅವತ್ತು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಅಜ್ಜಿ ವರದಿ ಒಪ್ಪಿಸಿತ್ತು. “ಎರಡು ರೊಟ್ಟಿ ತಿನ್ಸೀನವ್ವ. ರಕ್ತ ತೆಗೆಯೋದಿದ್ರೆ ಮೊದ್ಲೇ ಹೇಳ್ಬಿಡು.”