ಸಮುದ್ರದಲ್ಲಿ ಎಣ್ಣೆ ಬಾವಿ ಕೊರೆಯುವ ಮೊದಲೇ ಕೆಳಗೆ ಅಪಾಯಕಾರಿ ಗ್ಯಾಸ್ ಇದೆ ಅಂತ ಹೇಗೆ ಗೊತ್ತಾಗುತ್ತದೆ?

ಶಬ್ದದಿಂದ ಗೊತ್ತಾಗುತ್ತದೆ. ಹಡಗಿನ ಹಿಂದೆ ಎಳೆದೊಯ್ಯುವ ಏರ್‌ಗನ್ ನೀರಿನೊಳಗೆ ಗಾಳಿಯನ್ನು ರಭಸವಾಗಿ ಬಿಟ್ಟು ದೊಡ್ಡ ಸದ್ದು ಮಾಡುತ್ತದೆ. ಅದು ನೆಲದಡಿಯ ಪದರಗಳಿಗೆ ತಾಗಿ ವಾಪಸ್ ಬರುತ್ತದೆ. ಉದ್ದನೆಯ ಕೇಬಲ್‌ನಲ್ಲಿರುವ ಮೈಕುಗಳು ಅದನ್ನು ಹಿಡಿಯುತ್ತವೆ. ಗ್ಯಾಸ್ ಇರುವ ಕಡೆಯಿಂದ ಬರುವ ಪ್ರತಿಧ್ವನಿ ಸುತ್ತಲಿನದಕ್ಕಿಂತ ಸಾಮಾನ್ಯವಾಗಿ ತುಂಬಾ ಜೋರಾಗಿರುತ್ತದೆ.

ಯಾಕೆ ಅಂದ್ರೆ, ಮರಳಿನ ಸಂದುಗಳಲ್ಲಿ ನೀರು ತುಂಬಿದ್ದರೆ ಅದು ಸುಲಭಕ್ಕೆ ಕುಗ್ಗುವುದಿಲ್ಲ, ಶಬ್ದ ಬೇಗ ಸಾಗುತ್ತದೆ. ಗ್ಯಾಸ್ ಒತ್ತಿದರೆ ಕುಗ್ಗಿಬಿಡುತ್ತದೆ, ಅಲ್ವಾ? ನೀರಿನ ಜೊತೆ ಸ್ವಲ್ಪವೇ ಗ್ಯಾಸ್ ಸೇರಿದರೂ ಶಬ್ದದ ವೇಗ ಥಟ್ಟನೆ ಇಳಿಯುತ್ತದೆ. ಹೀಗೆ ವೇಗ ಬದಲಾಗುವ ಗಡಿಯಲ್ಲಿ ಶಬ್ದ ಜಾಸ್ತಿ ಹಿಂತಿರುಗುತ್ತದೆ. ಸರ್ವೆ ಚಿತ್ರದಲ್ಲಿ ಅದು ಎದ್ದು ಕಾಣುವ ದಪ್ಪ ಪಟ್ಟಿ. ವಾಪಸ್ ಬಂದ ಶಬ್ದದ ಅಲೆ ಸಾಮಾನ್ಯವಾಗಿ ತಲೆಕೆಳಗಾಗಿಯೂ ಇರುತ್ತದೆ. ಇದಕ್ಕೆ ಬ್ರೈಟ್ ಸ್ಪಾಟ್ ಅಂತಾರೆ.

ಒಂದು ತೊಡಕಿದೆ. ಗ್ಯಾಸ್ ತೀರಾ ಕಡಿಮೆ ಇದ್ದರೂ, ಸಂದುಗಳ ತುಂಬಾ ಇದ್ದರೂ ಪಟ್ಟಿ ಹೆಚ್ಚುಕಡಿಮೆ ಒಂದೇ ಥರ ಕಾಣಬಹುದು. ಹಾಗಾಗಿ ಎಷ್ಟಿದೆ ಅಂತ ಊಹಿಸುತ್ತಾ ಕೂರುವ ಬದಲು, ಸಾಧ್ಯವಾದರೆ ಕೊರೆಯುವ ಜಾಗವನ್ನೇ ಬದಲಿಸುವುದು ಸರಿ.

ಸಮುದ್ರತಳಕ್ಕೆ ಹತ್ತಿರವಿರುವ ಮೇಲ್ಪದರದ ಗ್ಯಾಸ್ ಬಗ್ಗೆ ಇಷ್ಟು ಭಯ ಯಾಕೆ? ಅಷ್ಟು ಮೇಲೆ ಕೊರೆಯುವ ಹಂತದಲ್ಲಿ ಬಾವಿಯ ಬಾಯಿ ಮುಚ್ಚುವ ದೊಡ್ಡ ವಾಲ್ವ್‌ಗಳನ್ನು ಸಾಮಾನ್ಯವಾಗಿ ಇನ್ನೂ ಕೂರಿಸಿರುವುದಿಲ್ಲ. ಗ್ಯಾಸ್ ನುಗ್ಗಿದರೆ ತಡೆಯಲು ಸಮಯವೂ ಸಿಗುವುದಿಲ್ಲ. 1985ರಲ್ಲಿ ನಾರ್ವೆ ಕಡಲಿನಲ್ಲಿ ವೆಸ್ಟ್ ವ್ಯಾನ್‌ಗಾರ್ಡ್ ಎಂಬ ರಿಗ್ (ಬಾವಿ ಕೊರೆಯುವ ವೇದಿಕೆ) ಇಂಥ ಗ್ಯಾಸ್ ಪದರಕ್ಕೆ ಕೊರೆದು ಸ್ಫೋಟವಾಯಿತು. ಒಬ್ಬ ಕೆಲಸಗಾರ ಪ್ರಾಣ ಕಳೆದುಕೊಂಡರು.