ಗಿಟಾರ್ ಹೆಡ್‌ಸ್ಟಾಕ್ ತುಂಡು ಕ್ಲಾಂಪ್ ಹಾಕಿದ ಕೂಡ್ಲೇ ಜಾರೋದಕ್ಕೆ

ಗಿಟಾರ್ ನೆಕ್ಕಿಗೆ (ಉದ್ದ ಹಿಡಿ) ಹೆಡ್‌ಸ್ಟಾಕನ್ನ (ತಂತಿ ಬಿಗಿಯೋ ತಲೆ ಭಾಗ) 13 ಡಿಗ್ರಿ ಓರೆಯಾಗಿ ಕತ್ತರಿಸಿ ಅಂಟಿಸ್ತಿದೀನಿ, ಅಂಟು ಹಚ್ಚಿ ಕ್ಲಾಂಪ್ ಬಿಗಿ ಮಾಡಿದ ತಕ್ಷಣ ತುಂಡು ಜಾರುತ್ತೆ, ಒಳಗೆ ಡೋವೆಲ್ (ಮರದ ಸಣ್ಣ ಗೂಟ) ಹಾಕ್ಲಾ ಅಂತ ಕೇಳಿದೀರಲ್ಲ, ಡೋವೆಲ್ ಏನೂ ಬೇಡ. ಓರೆ ಮುಖ ಅಂದ್ಮೇಲೆ ಒತ್ತಿದ್ರೆ ಜಾರೇ ಜಾರುತ್ತೆ. ನೆಕ್ ತುಂಡನ್ನ ಮೊದಲು ಬೆಂಚಿಗೆ ಬಿಗಿದು, ಗಿಡ್ಡ ಹೆಡ್‌ಸ್ಟಾಕ್ ತುಂಡಿನ ತುದಿಗೆ ಒಂದು ಮರದ ಚೂರು ಅಡ್ಡ ಕೊಟ್ಟು ಅದನ್ನೂ ಬಿಗಿದು ಆಮೇಲೆ ಮೇಲಿಂದ ಒತ್ತಿ. ನಾನಂತೂ ಕೊನೆಗೆ ಕತ್ತರಿಸಿ ಬಿಸಾಕೋ ಅಂಚಿನಲ್ಲಿ ಎರಡು ಸಣ್ಣ ಮೊಳೆ ಹೊಡೆದುಬಿಡ್ತೀನಿ, ಗರಗಸ ಹಾಕೋ ಮುಂಚೆ ಕೀಳೋದು ಮರೀಬೇಡಿ ಅಷ್ಟೇ (ನಾನು ಒಮ್ಮೆ ಮರೆತಿದ್ದೆ, ಬ್ಲೇಡ್ ಹೋಯ್ತು).

ಆದ್ರೆ ನಿಜವಾದ ಕೆಲಸ ಇರೋದು ಮುಖ ಸಪಾಟು ಮಾಡೋದ್ರಲ್ಲಿ. 19 ಎಂಎಂ ದಪ್ಪಕ್ಕೆ ನೀವು ಹೇಳಿದ 13 ಡಿಗ್ರಿ ಅಂದ್ರೆ ಓರೆ ಸುಮಾರು 84 ಎಂಎಂ ಉದ್ದ ಬರುತ್ತೆ, ಗರಗಸದಲ್ಲಿ ಅದು ನೇರ ಬರೋದು ಕಷ್ಟ, ಹಾಗಾಗಿ ಎರಡೂ ತುಂಡು ಒಂದರ ಮೇಲೊಂದಿಟ್ಟು ಎರಡರ ಓರೆನೂ ಒಂದೇ ಇಳಿಜಾರು ಆಗೋ ಹಾಗೆ ಜೋಡಿಸಿ ಒಟ್ಟಿಗೆ ಹತ್ರಿ ಹೊಡೀರಿ. ಬೆಳಕಿಗೆ ಹಿಡಿದಾಗ ಸಂದು ಕಾಣಬಾರ್ದು. ಓರೆ ಮುಖ ಅಂಟು ಜಾಸ್ತಿ ಕುಡಿಯುತ್ತೆ, ಮೊದಲು ತೆಳ್ಳಗೆ ಒಂದು ಕೋಟ್ ಸವರಿ, ಒಂದೆರಡು ನಿಮಿಷ ಬಿಟ್ಟು ಇನ್ನೊಂದು. ಕ್ಲಾಂಪ್ ಮಾತ್ರ ಜೀವ ಹೋಗೋ ಹಾಗೆ ತಿರುಗಿಸ್ಬೇಡಿ, ಅಂಟೆಲ್ಲ ಹೊರಗೆ ಬಂದ್ಬಿಡುತ್ತೆ.